ಗಣಕದ ಸೂಚಿಪಟ್ಟಿಯೂ ಅದರ ಜೀರ್ಣೋದ್ಧಾರವೂ

ಗ್ರಂಥಭಂಡಾರವೊಂದರಲ್ಲಿ ಹತ್ತು ಸಾವಿರ ಪುಸ್ತಕಗಳಿರುವುವೆಂದು ಭಾವಿಸೋಣ. ಒಂದು ರಾತ್ರಿ ಅದರ ಸೂಚಿಪಟ್ಟಿ ಮಾತ್ರ ಸುಟ್ಟುಹೋಯಿತು. ಪುಸ್ತಕಗಳ ಬೆನ್ನ ಮೇಲಿನ ಹೆಸರುಗಳೂ ಅಳಿಸಿಹೋದುವು. ಪುಸ್ತಕಗಳೇನೋ ಕಪಾಟುಗಳಲ್ಲಿ ಇದ್ದಲ್ಲಿಯೇ ಇವೆ. ಒಂದು ಹಾಳೆಯೂ ಹರಿದಿಲ್ಲ. ಆದರೂ ಮರುದಿನ ಬೆಳಿಗ್ಗೆ ಬಂದ ಓದುಗನಿಗೆ ತನಗೆ ಬೇಕಾದ ಪುಸ್ತಕ ದೊರೆಯಲಾರದು. ಅವನ ಪಾಲಿಗೆ ಆ ಭಂಡಾರವು ಬರಿದಾದಂತೆಯೇ ಸರಿ. ಇಂತಹ ಸಮಯದಲ್ಲಿ ಅವಿವೇಕಿಯು ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ ಹೊಸದಾಗಿ ಕೊಳ್ಳೋಣವೆನ್ನುವನು; ವಿವೇಕಿಯು ಒಂದೊಂದೇ ಪುಸ್ತಕವನ್ನು ತೆರೆದು ನೋಡಿ ಸೂಚಿಯನ್ನು ಮರಳಿ ಕಟ್ಟುವನು.

ಗಣಕಯಂತ್ರದ ಡಿಸ್ಕಿಗೂ ಇಂಥದೇ ಆಪತ್ತು ಒದಗುವುದುಂಟು. ಕಳೆದ ಮಳೆಗಾಲದಲ್ಲಿ ಅದು ನಮ್ಮ ಶಾಲೆಯಲ್ಲಿಯೇ ಒದಗಿತು. ನಮ್ಮ ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ಮಕ್ಕಳು ಎರಡು ವರ್ಷಗಳಿಂದ ತಮ್ಮ ಮನೆಯ ಮತ್ತು ನೆರೆಯ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿ ತರುತ್ತಿದ್ದರು. ಊರು ಬಿಟ್ಟು ಮುಂಬಯಿಗೆ ಬಂದ ಬಗೆ, ಹಗಲು ಹೋಟೆಲಿನಲ್ಲಿ ದುಡಿದು ಇರುಳು ರಾತ್ರಿಶಾಲೆಯಲ್ಲಿ ಓದಿದ ದಿನಗಳು, ಗಿರಣಿಯ ಭೋಂಗಾ, ಚಾಳಿನ ಒಂದೇ ಕೋಣೆಯಲ್ಲಿ ಎಂಟು ಮಂದಿ ಬಾಳಿದ ಸಂಸಾರ, ಹೀಗೆ ಮೂವತ್ತೆಂಟು ಮಂದಿ ಹಿರಿಯರ ನೆನಪುಗಳು ಸೇರಿದ್ದುವು. ಅವರ ದನಿಗಳನ್ನೂ, ಮಕ್ಕಳು ಕೇಳಿ ಕೇಳಿ ಬೆರಳಚ್ಚಿಸಿದ ಬರಹಗಳನ್ನೂ ಶಾಲೆಯ ಹಳೆಯ ಗಣಕವೊಂದರ ಡಿಸ್ಕಿನಲ್ಲಿ ಇರಿಸಿದ್ದೆವು. ಒಂದು ಸಂಜೆ, ಕಡತಗಳನ್ನು ಆ ಡಿಸ್ಕಿಗೆ ವರ್ಗಾಯಿಸಿದ ಮರುಕ್ಷಣವೇ ಗುಡುಗಿನೊಡನೆ ವಿದ್ಯುತ್ತು ನಿಂತುಹೋಯಿತು. ಮರುದಿನ ಗಣಕವು ಎಂದಿನಂತೆ ತೆರೆದುಕೊಳ್ಳದೆ, ಕಪ್ಪು ಪರದೆಯ ಮೇಲೆ ಒಂದು ಸಾಲನ್ನು ಬರೆದು ಸುಮ್ಮನಾಯಿತು. ಅದರ ತಾತ್ಪರ್ಯವಿಷ್ಟೆ: ‘ಅನಿರೀಕ್ಷಿತ ಅಸಾಂಗತ್ಯ ಕಂಡುಬಂದಿದೆ, ಎಫ್‌ಎಸ್‌ಸಿಕೆಯನ್ನು ಕೈಯಾರೆ ನಡೆಸಿರಿ.’

ನೋಡಲು ಬಂದ ಪರಿಣತರೊಬ್ಬರು ಡಿಸ್ಕನ್ನು ಪೂರ್ತಿಯಾಗಿ ಒರಸಿ ಹೊಸದಾಗಿ ಸಿದ್ಧಪಡಿಸುವುದೊಂದೇ ದಾರಿಯೆಂದು ಸಲಹೆಯಿತ್ತರು. ನಾವು ಅದಕ್ಕೆ ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲ, ಬದಲಾಗಿ ಏನು ಮಾಡಿದೆವು, ಅದರಿಂದ ಏನು ಉಳಿಯಿತು, ಏನು ಉಳಿಯಲಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ. ಆಜ್ಞೆಗಳನ್ನು ಗಣಕಕ್ಕೆ ಆಂಗ್ಲ ಅಕ್ಷರಗಳಲ್ಲಿಯೇ ಬೆರಳಚ್ಚಿಸಬೇಕಾಗುವುದು. ಇಲ್ಲಿ ಅವುಗಳ ಉಚ್ಚಾರವನ್ನು ಮಾತ್ರ ಕನ್ನಡದಲ್ಲಿ ಕೊಟ್ಟಿದ್ದೇವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಡಿಸ್ಕಿನ ಒಳರಚನೆ

ಡಿಸ್ಕು ತಾನಾಗಿ ಕಡತವನ್ನಾಗಲಿ ಅದರ ಹೆಸರನ್ನಾಗಲಿ ಅರಿಯದು. ಅದು ಬಲ್ಲದ್ದು ಸಂಖ್ಯೆಗಳನ್ನು ಹೊತ್ತ ಸಮಪ್ರಮಾಣದ ಖಂಡಗಳನ್ನು ಮಾತ್ರ. ಆ ಖಂಡಗಳ ಮೇಲೆ ವ್ಯವಸ್ಥೆಯೊಂದನ್ನು ಹೂಡಿದಾಗ ಅದಕ್ಕೆ ಕಡತವ್ಯವಸ್ಥೆ ಎಂಬ ಹೆಸರು ಬರುವುದು. ನಮ್ಮ ಗಣಕದಲ್ಲಿದ್ದುದು ಲಿನಕ್ಸ್ ಕಾರ್ಯವ್ಯವಸ್ಥೆ. ಅದರ ಡಿಸ್ಕಿನಲ್ಲಿದ್ದುದು ೧೯೯೩ರಲ್ಲಿ ಬಳಕೆಗೆ ಬಂದ ಎಕ್ಸ್‌ಟ್-೨ ಎಂಬ ಹಳೆಯ ಕಡತವ್ಯವಸ್ಥೆ. ಇದರಲ್ಲಿ ಸಾಮಾನ್ಯವಾಗಿ ಒಂದು ಖಂಡಕ್ಕೆ ೪೦೯೬ ಬೈಟುಗಳು. ಇದರ ಅಂಗಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಸೂಪರ್‌ಬ್ಲಾಕ್. ಇದು ಇಡೀ ವ್ಯವಸ್ಥೆಯ ಜಾತಕವಿದ್ದಂತೆ. ಒಟ್ಟು ಖಂಡಗಳೆಷ್ಟು, ಅವುಗಳಲ್ಲಿ ಬರಿದಾದುವೆಷ್ಟು, ಕಳೆದ ಬಾರಿ ಗಣಕವನ್ನು ಕ್ರಮವಾಗಿ ನಿಲ್ಲಿಸಲಾಯಿತೇ ಇಲ್ಲವೇ ಎಂಬ ಸಂಗತಿಗಳು ಇದರಲ್ಲಿರುವುವು. ಡಿಸ್ಕಿನ ವಿಭಾಗದ ಆರಂಭದಿಂದ ೧೦೨೪ ಬೈಟುಗಳನ್ನು ಬಿಟ್ಟು ಇದು ಆರಂಭವಾಗುವುದು.

ಎರಡನೆಯದು ಐನೋಡ್. ಪ್ರತಿಯೊಂದು ಕಡತಕ್ಕೂ ಒಂದು ಐನೋಡ್ ಉಂಟು. ಕಡತದ ಗಾತ್ರ, ಅದರ ಒಡೆಯ, ಅದನ್ನು ಬರೆದ ಸಮಯ, ಅದರ ಒಡಲು ಯಾವ ಯಾವ ಖಂಡಗಳಲ್ಲಿದೆ ಎಂಬ ವಿಳಾಸ, ಇವೆಲ್ಲ ಅಲ್ಲಿರುವುವು. ಎಕ್ಸ್‌ಟ್-೨ರ ಐನೋಡಿನಲ್ಲಿ ಮೊದಲ ಹನ್ನೆರಡು ಖಂಡಗಳ ವಿಳಾಸಗಳನ್ನು ನೇರವಾಗಿ ಬರೆದಿರುವುದು. ಎಂದರೆ ೧೨ನ್ನು ೪೦೯೬ರಿಂದ ಗುಣಿಸಿದರೆ ಬರುವ ೪೯,೧೫೨ ಬೈಟುಗಳ ಕಡತಕ್ಕೆ ಅಷ್ಟೇ ಸಾಕು. ಕಡತವು ಅದಕ್ಕಿಂತ ದೊಡ್ಡದಾದರೆ ಹದಿಮೂರನೆಯ ವಿಳಾಸವು ಮತ್ತೊಂದು ಖಂಡವನ್ನು ತೋರಿಸುವುದು. ಆ ಖಂಡದ ತುಂಬ ಬರಿಯ ವಿಳಾಸಗಳೇ, ೧೦೨೪ ವಿಳಾಸಗಳು. ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಐನೋಡಿನಲ್ಲಿ ಕಡತದ ಕುರಿತು ಎಲ್ಲವೂ ಇದೆ. ಕಡತದ ಹೆಸರೊಂದು ಮಾತ್ರ ಇಲ್ಲ.

ಹೆಸರಿರುವುದು ಮೂರನೆಯ ಅಂಗವಾದ ಡೈರೆಕ್ಟರಿಯಲ್ಲಿ, ಎಂದರೆ ಸೂಚಿಪಟ್ಟಿಯಲ್ಲಿ. ಇದು ಶಾಲೆಯ ಹಾಜರಿಪುಸ್ತಕದಂತೆ ಎರಡು ಅಂಕಣಗಳ ಪಟ್ಟಿ: ಒಂದೆಡೆ ಹೆಸರು, ಇನ್ನೊಂದೆಡೆ ಐನೋಡಿನ ಸಂಖ್ಯೆ. ಸೂಚಿಪಟ್ಟಿಯೊಳಗೆ ಇನ್ನೊಂದು ಸೂಚಿಪಟ್ಟಿ ಇರಬಹುದು. ಪ್ರತಿಯೊಂದರಲ್ಲಿಯೂ ಎರಡು ವಿಶೇಷ ನಮೂದುಗಳಿರಲೇಬೇಕು. ಒಂದು ಚುಕ್ಕೆಯ ಹೆಸರು ತನ್ನನ್ನೇ ತೋರಿಸುವುದು. ಎರಡು ಚುಕ್ಕೆಗಳ ಹೆಸರು ತನ್ನ ತಾಯಿಪಟ್ಟಿಯನ್ನು ತೋರಿಸುವುದು. ಹೀಗೆ ಯಾವ ಪಟ್ಟಿಯಿಂದ ಹೊರಟರೂ ಮೇಲೇರುತ್ತ ಹೋಗಿ ಮೂಲಪಟ್ಟಿಯನ್ನು ಮುಟ್ಟಬೇಕು. ಮೂಲಪಟ್ಟಿಯ ಐನೋಡಿನ ಸಂಖ್ಯೆ ಯಾವಾಗಲೂ ೨. ಕಡತದ ಹೆಸರು ೨೫೫ ಬೈಟುಗಳನ್ನು ಮೀರುವಂತಿಲ್ಲ. ಯೂನಿಕೋಡಿನ ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ ೩ ಬೈಟುಗಳನ್ನು ಹಿಡಿಯುವುದು. ‘ಕನ್ನಡ’ ಎಂಬ ಮಾತಿನಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಕೇತಗಳಿರುವುದರಿಂದ ಅದಕ್ಕೆ ೧೫ ಬೈಟುಗಳಾದುವು. ಆದಕಾರಣ ನಮ್ಮ ಭಾಷೆಯಲ್ಲಿ ಕಡತಕ್ಕೆ ಹೆಸರಿಡುವವರಿಗೆ ದೊರೆಯುವುದು ಹೆಚ್ಚೆಂದರೆ ೮೫ ಸಂಕೇತಗಳು.

ನಾಲ್ಕನೆಯದು ಬಿಟ್‌ಮ್ಯಾಪ್ ಎಂಬ ನಕಾಶೆ. ಯಾವ ಖಂಡ ತುಂಬಿದೆ, ಯಾವುದು ಬರಿದಾಗಿದೆ ಎಂಬುದನ್ನು ಇದು ಒಂದೊಂದು ಖಂಡಕ್ಕೆ ಒಂದೊಂದು ಬಿಟ್ಟಿನಂತೆ ಗುರುತಿಸುವುದು. ಈ ನಕಾಶೆಗೆ ಒಂದು ಖಂಡವನ್ನು ಮೀಸಲಿಟ್ಟರೆ ಅದರಲ್ಲಿ ೪೦೯೬ನ್ನು ೮ರಿಂದ ಗುಣಿಸಿದಷ್ಟು, ಎಂದರೆ ೩೨,೭೬೮ ಬಿಟ್ಟುಗಳಿರುವುವು. ಆದ್ದರಿಂದಲೇ ಅಷ್ಟು ಖಂಡಗಳನ್ನು ಒಂದು ಗುಂಪೆಂದು ಎಣಿಸುವರು. ಕೆಲವು ಗುಂಪುಗಳ ಆದಿಯಲ್ಲಿ ಸೂಪರ್‌ಬ್ಲಾಕಿನ ಪ್ರತಿಯೊಂದನ್ನು ಕಾದಿರಿಸುವುದೂ ಉಂಟು. ಈ ೩೨,೭೬೮ ಎಂಬ ಸಂಖ್ಯೆ ಮುಂದೆ ಉಪಯೋಗಕ್ಕೆ ಬರಲಿರುವುದರಿಂದ ನೆನಪಿಡುವುದು ಒಳ್ಳೆಯದು.

ಅಸಾಂಗತ್ಯ ಹುಟ್ಟುವ ಬಗೆ

ಒಂದು ಹೊಸ ಕಡತವನ್ನು ಬರೆಯುವುದೆಂದರೆ ನಮಗೆ ಒಂದೇ ಕೆಲಸ. ಗಣಕಕ್ಕೆ ಅದು ಹಲವು. ಐನೋಡುಗಳ ನಕಾಶೆಯಲ್ಲಿ ಒಂದನ್ನು ಗುರುತಿಸಬೇಕು, ಐನೋಡನ್ನು ತುಂಬಬೇಕು, ಖಂಡಗಳ ನಕಾಶೆಯನ್ನು ತಿದ್ದಬೇಕು, ಕಡತದ ಒಡಲನ್ನು ಬರೆಯಬೇಕು, ಸೂಚಿಪಟ್ಟಿಯಲ್ಲಿ ಹೆಸರನ್ನು ನಮೂದಿಸಬೇಕು, ಒಟ್ಟು ಲೆಕ್ಕಗಳನ್ನು ಸರಿಪಡಿಸಬೇಕು. ಇವೆಲ್ಲ ಡಿಸ್ಕಿನ ಬೇರೆ ಬೇರೆ ಸ್ಥಳಗಳಲ್ಲಿ ಒಂದಾದ ಮೇಲೊಂದರಂತೆ ನಡೆಯತಕ್ಕ ಕೆಲಸಗಳು. ನಡುವೆ ವಿದ್ಯುತ್ತು ಕಡಿದರೆ ಕೆಲವು ಆಗಿರುವುವು, ಕೆಲವು ಆಗಿರುವುದಿಲ್ಲ. ಆಗ ಒಂದು ದಾಖಲೆಯ ಮಾತಿಗೆ ಇನ್ನೊಂದು ದಾಖಲೆಯ ಮಾತು ಹೊಂದದೆ ಹೋಗುವುದು. ಇದನ್ನೇ ಅಸಾಂಗತ್ಯವೆನ್ನುವರು.

ಮೇಲಾಗಿ ಇನ್ನೊಂದು ತೊಡಕುಂಟು. ಗಣಕವು ವೇಗದ ಸಲುವಾಗಿ, ಬರೆಯಬೇಕಾದುದನ್ನು ಮೊದಲು ತನ್ನ ತಾತ್ಕಾಲಿಕ ಸ್ಮೃತಿಯಲ್ಲಿ ಇರಿಸಿಕೊಂಡು, ಆಮೇಲೆ ಬಿಡುವಾದಾಗ ಡಿಸ್ಕಿಗೆ ಇಳಿಸುವುದು. ಲಿನಕ್ಸಿನಲ್ಲಿ ಈ ವಿಳಂಬವು ಸಾಧಾರಣವಾಗಿ ಅರ್ಧ ನಿಮಿಷದಷ್ಟಿರಬಹುದು. ಪರದೆಯ ಮೇಲೆ ‘ವರ್ಗಾವಣೆ ಮುಗಿಯಿತು’ ಎಂಬ ಭಾವನೆ ಬಂದಾಗಲೂ ನಿಜವಾಗಿ ಕೆಲಸ ಮುಗಿದಿರಲಿಕ್ಕಿಲ್ಲ. ಸಿಂಕ್ ಎಂಬ ಆಜ್ಞೆಯನ್ನು ಕೊಟ್ಟರೆ ಸ್ಮೃತಿಯಲ್ಲಿ ಉಳಿದುದೆಲ್ಲವೂ ಆಗಲೇ ಡಿಸ್ಕಿಗೆ ಇಳಿಯುವುದು. ನಾವು ಆ ಸಂಜೆ ಇದನ್ನು ಮಾಡಲಿಲ್ಲ. ವರ್ಗಾವಣೆ ಮುಗಿಯಿತೆಂದು ತಿಳಿದು, ಫೋನಿನಲ್ಲಿದ್ದ ಮೂಲಪ್ರತಿಗಳನ್ನು ಅಳಿಸಲು ಹೇಳಿದವರು ನಾವೇ. ತಪ್ಪು ಮಕ್ಕಳದಲ್ಲ.

ಉಪಕರಣದ ಪೂರ್ವೇತಿಹಾಸ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೬೯ರಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಯುನಿಕ್ಸ್ ಕಾರ್ಯವ್ಯವಸ್ಥೆಗೆ ತಳಹದಿ ಹಾಕಿದರು. ಅದರ ಆರಂಭದ ವರ್ಷಗಳಲ್ಲಿ ಡಿಸ್ಕು ಕೆಟ್ಟರೆ ಅದನ್ನು ಸರಿಪಡಿಸುವುದು ಬಲ್ಲವರಿಗೆ ಮಾತ್ರ ಸಾಧ್ಯವಿದ್ದ ಕೆಲಸ. ಐಚೆಕ್ ಎಂಬ ಉಪಕರಣವು ಖಂಡಗಳ ಲೆಕ್ಕವನ್ನೂ, ಡಿಚೆಕ್ ಎಂಬುದು ಸೂಚಿಪಟ್ಟಿಗಳ ಲೆಕ್ಕವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುತ್ತಿದ್ದುವು. ಅವು ಕೊಟ್ಟ ವರದಿಯನ್ನು ಓದಿ, ದೋಷವನ್ನು ಊಹಿಸಿ, ತಿದ್ದುವ ಭಾರ ಮನುಷ್ಯನದಾಗಿತ್ತು. ೧೯೭೦ರ ದಶಕದ ಕೊನೆಯ ಭಾಗದಲ್ಲಿ ಅದೇ ಪ್ರಯೋಗಾಲಯದ ಟಿ. ಜೆ. ಕೊವಾಲ್ಸ್ಕಿಯವರು ಈ ಪರೀಕ್ಷೆಗಳನ್ನೆಲ್ಲ ಒಂದುಗೂಡಿಸಿ, ದೋಷವನ್ನು ತೋರಿಸಿ, ತಿದ್ದಲೇ ಬೇಡವೇ ಎಂದು ಕೇಳಿ ತಿದ್ದುವ ಒಂದೇ ಉಪಕರಣವನ್ನು ರಚಿಸಿದರು. ಅದೇ ಎಫ್‌ಎಸ್‌ಸಿಕೆ, ಕಡತವ್ಯವಸ್ಥೆಯ ಪರೀಕ್ಷೆ ಎಂಬ ಅರ್ಥದ ಆಂಗ್ಲ ಪದಗಳ ಸಂಕ್ಷೇಪ. ತರುವಾಯ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಕರ್ಕ್ ಮಕ್ಯೂಸಿಕ್ ಅವರು ಹೊಸದೊಂದು ವೇಗದ ಕಡತವ್ಯವಸ್ಥೆಯನ್ನು ರಚಿಸಿ ಈ ಉಪಕರಣವನ್ನು ಅದಕ್ಕೆ ಅಳವಡಿಸಿದರು; ಅದು ೧೯೮೩ರಲ್ಲಿ ಹೊರಬಂದಿತು. ಲಿನಕ್ಸಿನ ಎಕ್ಸ್‌ಟ್ ಮನೆತನದ ವ್ಯವಸ್ಥೆಗಳಿಗೆ ಇ-೨-ಎಫ್‌ಎಸ್‌ಸಿಕೆ ಎಂಬ ರೂಪವಿದ್ದು, ಅದನ್ನು ಬಹುಕಾಲದಿಂದ ಬೆಳೆಸಿಕೊಂಡು ಬಂದವರು ಥಿಯೋಡರ್ ಚೋ.

ಇತರ ವ್ಯವಸ್ಥೆಗಳಲ್ಲಿಯೂ ಇದರ ದಾಯಾದಿಗಳುಂಟು. ವಿಂಡೋಸಿನಲ್ಲಿ ಚೆಕ್‌ಡಿಸ್ಕ್ ಎಂಬ ಆಜ್ಞೆ ಎಂಎಸ್-ಡಾಸ್ ಕಾಲದಿಂದಲೂ ಇದೆ. ಆಪಲ್ ಗಣಕಗಳಲ್ಲಿ ಡಿಸ್ಕ್‌ಯುಟಿಲ್ ಎಂಬ ಆಜ್ಞೆಯಿದೆ. ಹೆಸರುಗಳು ಬೇರೆಯಾದರೂ ತತ್ತ್ವವೊಂದೇ.

ಐದು ಸುತ್ತುಗಳು

ಈ ಉಪಕರಣವು ಡಿಸ್ಕನ್ನು ಐದು ಸುತ್ತುಗಳಲ್ಲಿ ಪರೀಕ್ಷಿಸುವುದು. ಈ ಕ್ರಮವು ಯಾದೃಚ್ಛಿಕವಲ್ಲ. ಹಿಂದಿನ ಸುತ್ತಿನಲ್ಲಿ ಖಚಿತವಾದ ಸಂಗತಿಯನ್ನೇ ಆಧಾರವಾಗಿಟ್ಟುಕೊಂಡು ಮುಂದಿನ ಸುತ್ತು ನಡೆಯುವುದು.

ಒಂದನೆಯ ಸುತ್ತಿನಲ್ಲಿ ಐನೋಡುಗಳನ್ನೆಲ್ಲ ಒಂದೊಂದಾಗಿ ಓದುವುದು. ಅವು ಹೇಳುವ ಗಾತ್ರ ಸರಿಯೇ, ತೋರಿಸುವ ಖಂಡಗಳು ಡಿಸ್ಕಿನ ಎಲ್ಲೆಯೊಳಗಿವೆಯೇ, ಒಂದೇ ಖಂಡವನ್ನು ಇಬ್ಬರು ತಮ್ಮದೆನ್ನುತ್ತಿದ್ದಾರೆಯೇ ಎಂದು ನೋಡುವುದು. ಹೊಲದ ಗಡಿಗಳನ್ನು ಅಳೆಯುವ ಮೋಜಣಿದಾರನ ಕೆಲಸವಿದು.

ಎರಡನೆಯ ಸುತ್ತಿನಲ್ಲಿ ಸೂಚಿಪಟ್ಟಿಗಳನ್ನು ಓದುವುದು. ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರೂ ಜೀವಂತವಾದ ಐನೋಡನ್ನೇ ತೋರಿಸುತ್ತಿದೆಯೇ, ಒಂದು ಚುಕ್ಕೆಯ ಮತ್ತು ಎರಡು ಚುಕ್ಕೆಗಳ ನಮೂದುಗಳು ನೆಟ್ಟಗಿವೆಯೇ ಎಂಬುದು ಇಲ್ಲಿಯ ಪ್ರಶ್ನೆ. ಹಾಜರಿಪುಸ್ತಕದಲ್ಲಿ ಹೆಸರುಂಟು, ತರಗತಿಯಲ್ಲಿ ಹುಡುಗನಿಲ್ಲ ಎಂಬಂತಹ ನಮೂದುಗಳನ್ನು ಇಲ್ಲಿ ತೆಗೆದುಹಾಕುವುದು.

ಮೂರನೆಯ ಸುತ್ತಿನಲ್ಲಿ ಸಂಬಂಧವನ್ನು ನೋಡುವುದು. ಪ್ರತಿಯೊಂದು ಸೂಚಿಪಟ್ಟಿಯಿಂದಲೂ ಮೇಲೇರಿ ಮೂಲಪಟ್ಟಿಯನ್ನು ಮುಟ್ಟಬಹುದೇ? ಮುಟ್ಟಲಾಗದ ಪಟ್ಟಿ ಅನಾಥವಾದುದು. ಅದನ್ನು ಅಳಿಸದೆ, ಲಾಸ್ಟ್ ಪ್ಲಸ್ ಫೌಂಡ್ ಎಂಬ ಹೆಸರಿನ ವಿಶೇಷ ಸೂಚಿಪಟ್ಟಿಗೆ ಸೇರಿಸುವುದು. ‘ಕಳೆದದ್ದು, ಸಿಕ್ಕಿದ್ದು’ ಎಂದು ಇದರ ಅರ್ಥ. ರೈಲಿನಲ್ಲಿ ಮರೆತುಹೋದ ಕೊಡೆ, ಚೀಲ, ಬುತ್ತಿಗಳನ್ನು ತಂದಿರಿಸುವ ನಿಲ್ದಾಣದ ಕೊಠಡಿಯನ್ನು ಬಲ್ಲ ಮುಂಬಯಿಯ ಮಕ್ಕಳಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ನಾಲ್ಕನೆಯ ಸುತ್ತಿನಲ್ಲಿ ಎಣಿಕೆಯನ್ನು ತಾಳೆ ನೋಡುವುದು. ತನ್ನನ್ನು ಎಷ್ಟು ಹೆಸರುಗಳು ತೋರಿಸುತ್ತಿವೆಯೆಂದು ಐನೋಡು ತನ್ನಲ್ಲಿ ಬರೆದುಕೊಂಡಿರುವುದು. ಎರಡನೆಯ ಸುತ್ತಿನಲ್ಲಿ ನಿಜವಾಗಿ ಕಂಡ ಹೆಸರುಗಳೆಷ್ಟು? ಒಂದು ಹೆಸರೂ ತೋರಿಸದ, ಆದರೆ ಒಡಲಿನಲ್ಲಿ ಬರಹವುಳ್ಳ ಕಡತವು ದೊರೆತರೆ ಅದನ್ನೂ ಲಾಸ್ಟ್ ಪ್ಲಸ್ ಫೌಂಡಿಗೆ ಸೇರಿಸುವುದು. ಅದರ ಹೆಸರು ಯಾರಿಗೂ ತಿಳಿಯದಿರುವುದರಿಂದ ಐನೋಡಿನ ಸಂಖ್ಯೆಯನ್ನೇ, ಮುಂದೊಂದು ಹ್ಯಾಶ್ ಚಿಹ್ನೆಯಿಟ್ಟು, ಹೆಸರಾಗಿ ಕೊಡುವುದು.

ಐದನೆಯ ಸುತ್ತಿನಲ್ಲಿ, ಹೀಗೆ ನಿರ್ಧಾರವಾದ ನಿಜವನ್ನು ಬಿಟ್‌ಮ್ಯಾಪುಗಳಿಗೂ ಒಟ್ಟು ಲೆಕ್ಕಗಳಿಗೂ ಹೋಲಿಸಿ ವ್ಯತ್ಯಾಸಗಳನ್ನು ತಿದ್ದುವುದು. ಅಂಗಡಿಯವನು ಸರಕನ್ನು ಎಣಿಸಿ ಮುಗಿಸಿದ ಮೇಲೆ ಖಾತೆಯ ಮೊತ್ತವನ್ನು ಸರಿಪಡಿಸುವಂತೆ ಇದು ಕೊನೆಗೇ ಆಗಬೇಕಾದ ಕೆಲಸ.

ಆಜ್ಞೆಯನ್ನು ನಡೆಸುವ ಕ್ರಮ

ಇನ್ನು ಪ್ರಯೋಗ. ಇಲ್ಲಿ ಆತುರವೇ ಪರಮಶತ್ರು. ನಾವು ಅನುಸರಿಸಿದ ಕ್ರಮವನ್ನು ಹಾಗೆಯೇ ಹೇಳುತ್ತೇವೆ.

ಮೊದಲು ಡಿಸ್ಕಿನ ದೇಹಸ್ಥಿತಿಯನ್ನು ನೋಡಬೇಕು. ಅದು ಕಟಕಟ ಸದ್ದು ಮಾಡುತ್ತಿದ್ದರೆ, ಅಥವಾ ಓದುವಾಗ ದೋಷಗಳ ಸುರಿಮಳೆಯಾಗುತ್ತಿದ್ದರೆ ಕೆಟ್ಟಿರುವುದು ಸೂಚಿಪಟ್ಟಿಯಲ್ಲ, ಯಂತ್ರವೇ. ಅಂಥ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ನಡೆಸುವುದು ಜ್ವರಪೀಡಿತನನ್ನು ಓಡಿಸಿದಂತೆ. ಸದ್ದಿರಲಿ ಇಲ್ಲದಿರಲಿ, ಮೊದಲು ಡಿಸ್ಕಿನ ಖಂಡಗಳನ್ನೆಲ್ಲ ಇದ್ದುದು ಇದ್ದಂತೆ ಇನ್ನೊಂದು ಡಿಸ್ಕಿಗೆ ಪ್ರತಿಮಾಡಿಕೊಳ್ಳುವುದು ಶ್ರೇಯಸ್ಕರ. ಡಿಡಿರೆಸ್ಕ್ಯೂ ಎಂಬ ಉಪಕರಣವು ಓದಲು ಬಾರದ ಸ್ಥಳಗಳನ್ನು ಮೊದಲು ಬಿಟ್ಟು, ಓದಲು ಬರುವುದನ್ನೆಲ್ಲ ಬೇಗನೆ ಉಳಿಸಿಕೊಂಡು, ಆಮೇಲೆ ಬಿಟ್ಟ ಸ್ಥಳಗಳಿಗೆ ಮರಳುವುದು. ನಾವು ಹೀಗೆ ಪ್ರತಿಮಾಡಿಕೊಂಡು, ಮೂಲ ಡಿಸ್ಕನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಮುಂದಿನದೆಲ್ಲ ನಡೆದದ್ದು ಪ್ರತಿಯ ಮೇಲೆ.

ಎರಡನೆಯದಾಗಿ, ಪರೀಕ್ಷಿಸುವ ವಿಭಾಗವು ಬಳಕೆಯಲ್ಲಿರಕೂಡದು. ಲಿನಕ್ಸಿನಲ್ಲಿ ಡಿಸ್ಕನ್ನು ಬಳಕೆಗೆ ಜೋಡಿಸುವುದಕ್ಕೆ ಮೌಂಟ್ ಎಂದೂ, ಬಿಡಿಸುವುದಕ್ಕೆ ಅಮೌಂಟ್ ಎಂದೂ ಆಜ್ಞೆಗಳುಂಟು. ಜೋಡಿಸಿದ ಡಿಸ್ಕಿನ ಲೆಕ್ಕಗಳನ್ನು ಕಾರ್ಯವ್ಯವಸ್ಥೆಯು ತನ್ನ ಸ್ಮೃತಿಯಲ್ಲಿಟ್ಟುಕೊಂಡು ತಿದ್ದುತ್ತಿರುವುದು. ಅದೇ ವೇಳೆಗೆ ಎಫ್‌ಎಸ್‌ಸಿಕೆಯೂ ತಿದ್ದತೊಡಗಿದರೆ, ಒಂದೇ ಖಾತೆಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ತಿಳಿಯದಂತೆ ಬರೆದಂತಾಗುವುದು. ಸ್ವಸ್ಥವಾಗಿದ್ದ ಡಿಸ್ಕು ಕೂಡ ಇದರಿಂದ ಹಾಳಾಗುವುದು. ಕಾರ್ಯವ್ಯವಸ್ಥೆಯೇ ನೆಲೆಸಿರುವ ವಿಭಾಗವನ್ನು ತಿದ್ದಬೇಕಾದರೆ ಪೆನ್‌ಡ್ರೈವಿನಂತಹ ಬೇರೊಂದು ಸಾಧನದಿಂದ ಗಣಕವನ್ನು ಎಬ್ಬಿಸಬೇಕು.

ಮೂರನೆಯದಾಗಿ, ಯಾವ ಡಿಸ್ಕು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಯು ಡಿಸ್ಕುಗಳ ಹೆಸರನ್ನೂ ಗಾತ್ರವನ್ನೂ ತೋರಿಸುವುದು. ಸಾಮಾನ್ಯವಾಗಿ ಮೊದಲ ಡಿಸ್ಕು ಎಸ್‌ಡಿಎ, ಎರಡನೆಯದು ಎಸ್‌ಡಿಬಿ, ಅದರ ಮೊದಲ ವಿಭಾಗ ಎಸ್‌ಡಿಬಿ-೧. ಒಂದು ಅಕ್ಷರ ತಪ್ಪಿದರೆ ಆರೋಗ್ಯವಂತನಿಗೆ ಶಸ್ತ್ರಚಿಕಿತ್ಸೆಯಾಗುವುದು.

ನಾಲ್ಕನೆಯದಾಗಿ, ಬರೆಯದೆ ಓದಿ ನೋಡಬೇಕು. ಎಫ್‌ಎಸ್‌ಸಿಕೆಯ ಮುಂದೆ ಅಡ್ಡಗೆರೆಯೊಡನೆ ಎಫ್ ಮತ್ತು ಎನ್ ಎಂಬ ಅಕ್ಷರಗಳನ್ನು ಸೇರಿಸಿದರೆ, ಸೂಪರ್‌ಬ್ಲಾಕು ‘ನಾನು ಸ್ವಸ್ಥ’ ಎಂದರೂ ಬಿಡದೆ ಪರೀಕ್ಷಿಸುವುದು. ಕೇಳಬೇಕಾದ ಪ್ರಶ್ನೆಗಳಿಗೆಲ್ಲ ತಾನೇ ‘ಇಲ್ಲ’ ಎಂದು ಉತ್ತರಿಸಿಕೊಂಡು ಏನನ್ನೂ ತಿದ್ದದೆ ವರದಿಯನ್ನು ಮಾತ್ರ ಕೊಡುವುದು. ವಿಂಡೋಸಿನ ಚೆಕ್‌ಡಿಸ್ಕೂ ತಿದ್ದುವ ಸೂಚನೆಯಿಲ್ಲದೆ ನಡೆಸಿದಾಗ ಹೀಗೆಯೇ ವರ್ತಿಸುವುದು. ಈ ವರದಿಯನ್ನು ಒಂದು ಕಡತದಲ್ಲಿ ಉಳಿಸಿಕೊಂಡು ನಿಧಾನವಾಗಿ ಓದಬೇಕು.

ಸೂಪರ್‌ಬ್ಲಾಕೇ ಹಾಳಾಗಿ ಉಪಕರಣವು ಕಡತವ್ಯವಸ್ಥೆಯನ್ನು ಗುರುತಿಸದೆ ಹೋದರೆ ಎದೆಗುಂದಬೇಕಾಗಿಲ್ಲ. ಮೇಲೆ ಹೇಳಿದ ಕಾದಿರಿಸಿದ ಪ್ರತಿಯನ್ನು ಬಳಸುವಂತೆ ಬಿ ಎಂಬ ಅಕ್ಷರದೊಡನೆ ೩೨೭೬೮ ಎಂಬ ಸಂಖ್ಯೆಯನ್ನು ಕೊಡಬಹುದು. ೪೦೯೬ ಬೈಟುಗಳ ಖಂಡಗಳುಳ್ಳ ಡಿಸ್ಕಿನಲ್ಲಿ ಮೊದಲ ಪ್ರತಿ ಇರುವುದು ಆ ಖಂಡದಲ್ಲಿಯೇ.

ಐದನೆಯದಾಗಿ ತಿದ್ದುವಿಕೆ. ಪಿ ಎಂಬ ಅಕ್ಷರವನ್ನು ಸೇರಿಸಿದರೆ, ಮನುಷ್ಯನ ವಿವೇಚನೆ ಬೇಡದ ಸಣ್ಣ ದೋಷಗಳನ್ನು ಮಾತ್ರ ತಾನೇ ತಿದ್ದಿ, ದೊಡ್ಡದು ಕಂಡರೆ ನಿಂತುಬಿಡುವುದು. ಗಣಕವು ಏಳುವಾಗ ಸ್ವಯಂ ನಡೆಸುವುದು ಇದನ್ನೇ. ನಮ್ಮ ಪರದೆಯ ಮೇಲೆ ಮೂಡಿದ ಸಾಲು ಅದು ಹಾಗೆ ನಿಂತುದರ ಫಲ. ವೈ ಎಂಬ ಅಕ್ಷರವು ಎಲ್ಲ ಪ್ರಶ್ನೆಗಳಿಗೂ ‘ಹೌದು’ ಎಂದುಬಿಡುವುದು. ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳದೆ ಇದನ್ನು ಬಳಸುವುದು ಓದದೆ ಸಹಿ ಹಾಕಿದಂತೆ. ನಾವು ಯಾವ ಅಕ್ಷರವನ್ನೂ ಸೇರಿಸದೆ, ಪ್ರಶ್ನೆ ಬಂದಂತೆಲ್ಲ ಗಟ್ಟಿಯಾಗಿ ಓದಿ, ಮಕ್ಕಳಿಗೆ ಅರ್ಥ ಹೇಳಿ, ಒಂದೊಂದಕ್ಕೇ ಉತ್ತರ ಕೊಟ್ಟೆವು.

ಕೆಲಸ ಮುಗಿದಾಗ ಉಪಕರಣವು ಒಂದು ಸಂಖ್ಯೆಯನ್ನು ಹಿಂದಿರುಗಿಸುವುದು. ೦ ಎಂದರೆ ದೋಷವಿಲ್ಲ. ೧ ಎಂದರೆ ದೋಷಗಳನ್ನು ತಿದ್ದಲಾಯಿತು. ೨ ಎಂದರೆ ಗಣಕವನ್ನು ಮತ್ತೆ ಎಬ್ಬಿಸಬೇಕು. ೪ ಎಂದರೆ ತಿದ್ದದ ದೋಷಗಳು ಉಳಿದಿವೆ. ೮ ಎಂದರೆ ಕಾರ್ಯಾಚರಣೆಯಲ್ಲಿಯೇ ತೊಡಕು ಬಂದಿದೆ. ಇವೆಲ್ಲ ೨ರ ಘಾತಗಳಾದುದರಿಂದ ಮೊತ್ತವನ್ನು ನೋಡಿ ಬಿಡಿಸಬಹುದು. ೩ ಬಂದರೆ ೧ ಮತ್ತು ೨. ೧೨ ಬಂದರೆ ೪ ಮತ್ತು ೮. ದ್ವಿಮಾನ ಪದ್ಧತಿಯ ಪಾಠ ಎಲ್ಲಿ ಉಪಯೋಗಕ್ಕೆ ಬರುವುದೆಂದು ಕೇಳುವ ವಿದ್ಯಾರ್ಥಿಗಳಿಗೆ ಇದೊಂದು ಉತ್ತರ. ೪ ಸೇರಿದ ಸಂಖ್ಯೆ ಬಂದರೆ ಉಪಕರಣವನ್ನು ಮತ್ತೊಮ್ಮೆ ನಡೆಸಬೇಕು. ಸೊನ್ನೆ ಬರುವವರೆಗೆ ಬಿಡಬಾರದು.

ನಮ್ಮ ಡಿಸ್ಕಿನಲ್ಲಿ ದೊರೆತದ್ದು

ಆ ದಿನವೇ ನಾವು ಹೊಸ ಸೂಚಿಪಟ್ಟಿಯೊಂದನ್ನು ಮಾಡಿ, ಬರಹಗಳ ಪಟ್ಟಿಯನ್ನು ಅದರೊಳಗೆ ಸರಿಸಿದ್ದೆವು. ಆ ಹೊಸ ಪಟ್ಟಿಯು ಡಿಸ್ಕಿಗೆ ಇಳಿದಿರಲೇ ಇಲ್ಲ. ಹೀಗಾಗಿ ಬರಹಗಳ ಪಟ್ಟಿ ತಾಯಿಯಿಲ್ಲದುದಾಗಿತ್ತು. ಮೂರನೆಯ ಸುತ್ತಿನಲ್ಲಿ ಅದು ಲಾಸ್ಟ್ ಪ್ಲಸ್ ಫೌಂಡಿಗೆ ಬಂದಿತು. ಅದರ ಹೊರಗಿನ ಹೆಸರು ಹೋಗಿ ಸಂಖ್ಯೆಯಾಗಿತ್ತು. ಆದರೆ ಒಳಗಿನ ಮೂವತ್ತೆಂಟು ಬರಹಗಳೂ ತಮ್ಮ ಕನ್ನಡ ಹೆಸರುಗಳೊಡನೆ ಇದ್ದುವು.

ದನಿಗಳ ಪಟ್ಟಿಯ ಗತಿ ಬೇರೆಯಾಗಿತ್ತು. ಆ ಪಟ್ಟಿಯ ಖಂಡವೇ ಹಾಳಾಗಿದ್ದುದರಿಂದ ಎರಡನೆಯ ಸುತ್ತಿನಲ್ಲಿ ಅದರ ನಮೂದುಗಳು ಹೋದುವು. ನಾಲ್ಕನೆಯ ಸುತ್ತಿನಲ್ಲಿ ಮೂವತ್ತೇಳು ಕಡತಗಳು ಬರಿಯ ಸಂಖ್ಯೆಗಳಾಗಿ ಎದ್ದುಬಂದುವು. ಯಾರ ದನಿ ಯಾವುದು? ಫೈಲ್ ಎಂಬ ಆಜ್ಞೆಯು ಕಡತದ ಆದಿಭಾಗವನ್ನು ನೋಡಿ, ಅದು ಧ್ವನಿಯೋ ಚಿತ್ರವೋ ಬರಹವೋ ಎಂದು ಹೇಳಬಲ್ಲುದು. ಯಾರ ದನಿಯೆಂದು ಹೇಳಲಾರದು. ಐನೋಡಿನಲ್ಲಿ ಉಳಿದಿದ್ದ ಸಮಯದಿಂದ ಕಡತಗಳ ಪೂರ್ವಾಪರ ತಿಳಿಯಿತು. ಮಕ್ಕಳು ದಿನಾಂಕ ಬರೆದಿಟ್ಟಿದ್ದ ನೋಟುಪುಸ್ತಕವು ಇನ್ನಷ್ಟು ನೆರವಾಯಿತು. ಉಳಿದುದಕ್ಕೆ ಮಕ್ಕಳನ್ನೇ ಕರೆದು ಕುಳ್ಳಿರಿಸಿದೆವು. ಒಂದೊಂದು ಕಡತವನ್ನು ತೆರೆದಾಗಲೂ ಯಾರಾದರೊಬ್ಬರು, ‘ಇದು ನಮ್ಮ ಅಜ್ಜಿ’ ಎಂದು ಕೈ ಎತ್ತುತ್ತಿದ್ದರು. ಎರಡು ಮಧ್ಯಾಹ್ನಗಳಲ್ಲಿ ಮೂವತ್ತೇಳಕ್ಕೂ ಹೆಸರು ಕೊಟ್ಟೆವು. ಅವುಗಳಲ್ಲಿ ಎರಡು ಅರ್ಧಕ್ಕೆ ನಿಂತಿದ್ದುವು.

ಮೂವತ್ತೆಂಟನೆಯದು ದೊರೆಯಲಿಲ್ಲ. ಅದು ಆ ಸಂಜೆ ಕೊನೆಯದಾಗಿ ವರ್ಗಾಯಿಸಿದ ಕಡತ. ಸ್ಮೃತಿಯಿಂದ ಡಿಸ್ಕಿಗೆ ಇಳಿದೇ ಇರಲಿಲ್ಲ. ಫೋನಿನ ಪ್ರತಿಯನ್ನು ಅಳಿಸಿಯಾಗಿತ್ತು. ಆ ದನಿಯ ಹಿರಿಯರು ಅದಕ್ಕೆ ಎರಡು ತಿಂಗಳ ಹಿಂದೆ ತೀರಿಕೊಂಡಿದ್ದರು. ಮೊಮ್ಮಗಳು ಫೋನಿನಲ್ಲಿ ಕೇಳಿ ಮೊದಲೇ ಬೆರಳಚ್ಚಿಸಿದ್ದ ಅವರ ಮಾತುಗಳು ಬರಹಗಳ ಪಟ್ಟಿಯಲ್ಲಿ ಉಳಿದುವು, ದನಿ ಉಳಿಯಲಿಲ್ಲ. ಈ ಸಂಗತಿಯನ್ನು ಆಕೆಗೆ ತಿಳಿಸಿದ ಗಳಿಗೆಯನ್ನು ನಾವು ಮರೆಯಲಾರೆವು.

ಉಪಕರಣದ ಮಿತಿ

ಇದರಿಂದ ತಿಳಿಯತಕ್ಕ ಮುಖ್ಯ ವಿಷಯವಿದು. ಎಫ್‌ಎಸ್‌ಸಿಕೆಯು ದಾಖಲೆಗಳನ್ನು ಒಂದಕ್ಕೊಂದು ಹೊಂದಿಸುವುದು. ಕಳೆದ ಬರಹವನ್ನು ಸೃಷ್ಟಿಸಲಾರದು. ಡಿಸ್ಕಿನಲ್ಲಿದ್ದು ಹೆಸರು ಕಳೆದುಕೊಂಡುದನ್ನು ಅದು ಹುಡುಕಿ ತರುವುದು; ಡಿಸ್ಕಿಗೆ ಬಾರದೇ ಹೋದುದನ್ನು ತಾರದು. ಅರ್ಧಕ್ಕೆ ನಿಂತ ಕಡತವೂ ಅದರ ಲೆಕ್ಕದಲ್ಲಿ ಸರಿಯಾದ ಕಡತವೇ. ಅದು ‘ಸರಿಯಾಗಿದೆ’ ಎಂದಾಗ ವ್ಯವಸ್ಥೆ ಸರಿಯಾಗಿದೆ ಎಂದಷ್ಟೇ ಅರ್ಥ. ಒಳಗಿನ ಮಾತು ಸರಿಯಾಗಿದೆಯೇ ಎಂದು ನೋಡುವವರು ನಾವೇ.

ಅಸಾಂಗತ್ಯವೇ ಹುಟ್ಟದಂತೆ ತಡೆಯುವ ಉಪಾಯವೂ ಈಗ ರೂಢಿಯಲ್ಲಿದೆ. ವರ್ತಕರು ಖಾತೆಗೆ ಏರಿಸುವ ಮೊದಲು ಕಿರ್ದಿಯಲ್ಲಿ ಬರೆದುಕೊಳ್ಳುವಂತೆ, ಮಾಡಲಿರುವ ತಿದ್ದುಪಡಿಯನ್ನು ಮೊದಲು ಜರ್ನಲ್ ಎಂಬ ದಿನವಹಿಯಲ್ಲಿ ಬರೆದು, ಆಮೇಲೆ ಅದರ ಸ್ಥಾನದಲ್ಲಿ ಬರೆಯುವರು. ವಿದ್ಯುತ್ತು ಕಡಿದರೆ, ಮತ್ತೆ ಎದ್ದಾಗ ದಿನವಹಿಯನ್ನು ನೋಡಿ ಪೂರ್ತಿ ಬರೆದುದನ್ನು ನೆರವೇರಿಸಿ, ಅರ್ಧ ಬರೆದುದನ್ನು ಕೈಬಿಡುವುದು. ಲಿನಕ್ಸಿನಲ್ಲಿ ೨೦೦೧ರ ಎಕ್ಸ್‌ಟ್-೩ ಮತ್ತು ೨೦೦೮ರ ಎಕ್ಸ್‌ಟ್-೪ ವ್ಯವಸ್ಥೆಗಳಲ್ಲಿ ಇದುಂಟು. ನಮ್ಮ ಹಳೆಯ ಎಕ್ಸ್‌ಟ್-೨ರಲ್ಲಿ ಇರಲಿಲ್ಲ. ಟ್ಯೂನ್-೨-ಎಫ್‌ಎಸ್ ಎಂಬ ಆಜ್ಞೆಗೆ ಜೆ ಎಂಬ ಅಕ್ಷರವನ್ನು ಸೇರಿಸಿ, ಕಡತಗಳನ್ನು ಅಳಿಸದೆಯೇ ಜರ್ನಲನ್ನು ಕೂಡಿಸಬಹುದು. ನಾವು ಈಗ ಹಾಗೆಯೇ ಮಾಡಿದ್ದೇವೆ. ಆದರೂ ರೂಢಿಯ ಜರ್ನಲ್ ಕಾಯುವುದು ಸೂಚಿಪಟ್ಟಿಗಳ ಮತ್ತು ಐನೋಡುಗಳ ಲೆಕ್ಕವನ್ನೇ ಹೊರತು ಕಡತದ ಒಡಲನ್ನಲ್ಲ. ಡಿಸ್ಕಿನ ಮೇಲ್ಮೈಯೇ ಕೆಟ್ಟರೆ ಅದೂ ನಿಸ್ಸಹಾಯವಾಗುವುದು.

ಆದಕಾರಣ ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾದುದು ಇಷ್ಟೆ. ಗಣಕವನ್ನು ಕ್ರಮವಾಗಿ ನಿಲ್ಲಿಸಿರಿ. ಡಿಸ್ಕನ್ನು ಬಿಡಿಸದೆ ಕೀಳಬೇಡಿರಿ. ಬೆಲೆಯುಳ್ಳುದನ್ನು ಎರಡು ಬೇರೆ ಡಿಸ್ಕುಗಳಲ್ಲಿಯೂ, ಒಂದನ್ನು ಬೇರೆ ಕಟ್ಟಡದಲ್ಲಿಯೂ ಇಡಿರಿ. ಪ್ರತಿಯನ್ನು ತೆರೆದು, ಕೇಳಿ, ನೋಡಿದ ಮೇಲೆಯೇ ಮೂಲವನ್ನು ಅಳಿಸಿರಿ. ಕಡತಗಳ ಹೆಸರು ಮತ್ತು ದಿನಾಂಕಗಳನ್ನು ಕಾಗದದ ಪುಸ್ತಕವೊಂದರಲ್ಲಿಯೂ ಬರೆದಿಡಿರಿ. ಡಿಸ್ಕು ಕೆಟ್ಟಿತೆಂದು ಯಾರಾದರೂ ಹೇಳಿದರೆ, ಒರಸಿಹಾಕುವ ಮೊದಲು ಒಡಲು ಹೋಯಿತೋ ಹೆಸರು ಮಾತ್ರ ಹೋಯಿತೋ ಎಂದು ಕೇಳಿರಿ. ನಮ್ಮ ಮೂವತ್ತೇಳು ಹಿರಿಯರ ದನಿಗಳು ಇಂದು ಶಾಲೆಯ ಗ್ರಂಥಭಂಡಾರದಲ್ಲಿ ಎರಡು ಡಿಸ್ಕುಗಳಲ್ಲಿಯೂ, ಶಾಲೆಯ ಹೊರಗೆ ಮೂರನೆಯದರಲ್ಲಿಯೂ ಇವೆ. ಮೂವತ್ತೆಂಟನೆಯವರ ಬರಹವನ್ನು ಅವರ ಮೊಮ್ಮಗಳು ಈ ವರ್ಷದ ವಾರ್ಷಿಕೋತ್ಸವದಲ್ಲಿ ತನ್ನ ದನಿಯಲ್ಲಿ ಓದಲಿದ್ದಾಳೆ. ಅದನ್ನು ಧ್ವನಿಮುದ್ರಿಸಿಕೊಂಡು ಆ ಬರಹದ ಪಕ್ಕದಲ್ಲಿಯೇ ಇಡುವೆವು.